ಒಂದೇ ಹಬ್ಬಕ್ಕೆ ಮೂರು ದಿನಾಂಕ: ತಾನಾಬಾತಾ, ಒಬೊನ್ ಮತ್ತು ಜಪಾನಿನ ಹಳೆಯ ಪಂಚಾಂಗ

ಜಪಾನಿನ ಹಬ್ಬಗಳ ಅಧ್ಯಯನದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ದಿನಾಂಕಗಳ ಗೊಂದಲ. ಆಕಾಶಗಂಗೆಯ ಎರಡು ದಡಗಳಲ್ಲಿರುವ ಪ್ರೇಮಿ ನಕ್ಷತ್ರಗಳು ವರ್ಷಕ್ಕೊಮ್ಮೆ ಸೇರುತ್ತವೆಂಬ ಕಥೆಯ ತಾನಾಬಾತಾ ಹಬ್ಬ ಜುಲೈ 7ಕ್ಕೆ ಎಂದು ಓದಿದರೆ, ಸೆಂದಾಯಿ ನಗರದಲ್ಲಿ ಅದು ಆಗಸ್ಟ್ 6ರಿಂದ 8ರವರೆಗೆ ನಡೆಯುತ್ತದೆ. ಹಿರಿಯರ ಆತ್ಮಗಳನ್ನು ಮನೆಗೆ ಬರಮಾಡಿಕೊಳ್ಳುವ ಒಬೊನ್ ಟೋಕಿಯೊದಲ್ಲಿ ಜುಲೈ ನಡುವೆ, ದೇಶದ ಬಹುಭಾಗದಲ್ಲಿ ಆಗಸ್ಟ್ ನಡುವೆ ಬಂದರೆ, ಓಕಿನಾವಾದಲ್ಲಿ ಪ್ರತಿವರ್ಷ ಬೇರೆ ಬೇರೆ ದಿನ ಬರುತ್ತದೆ.

ಇದಕ್ಕೆ ಕಾರಣ 1873ರ ಪಂಚಾಂಗ ಬದಲಾವಣೆ: ಚಾಂದ್ರಮಾಸಗಳ ಹಳೆಯ ಪಂಚಾಂಗ ಬಿಟ್ಟು ಜಪಾನು ಇಂದಿನ ಜನವರಿ-ಡಿಸೆಂಬರ್ ಕ್ಯಾಲೆಂಡರ್ ಹಿಡಿಯಿತು. ಮೇಯ್ಜಿ ಶಕೆಯ 5ನೆಯ ವರ್ಷದ ಹನ್ನೆರಡನೆಯ ತಿಂಗಳು ಎರಡೇ ದಿನಕ್ಕೆ ಮುಗಿದು, ಮರುದಿನವೇ 1873ರ ಜನವರಿ 1 ಆಯಿತು. ಆದೇಶ ಹೊರಟದ್ದು ಅದಕ್ಕೆ ಒಂದು ತಿಂಗಳೂ ಇಲ್ಲದಿರುವಾಗ. ಹಳೆಯ ಲೆಕ್ಕದಲ್ಲಿ 1873ರಲ್ಲಿ ಅಧಿಕಮಾಸ ಬರುವುದಿತ್ತು. ನೌಕರರಿಗೆ ಹದಿಮೂರು ತಿಂಗಳ ಸಂಬಳ ಕೊಡಬೇಕಾಗುತ್ತಿತ್ತೆಂಬುದೂ ಈ ಅವಸರಕ್ಕೆ ಒಂದು ಕಾರಣವೆಂದು ಅಂದು ಹಣಕಾಸಿನ ಹೊಣೆ ಹೊತ್ತಿದ್ದ ಓಕುಮಾ ಶಿಗೆನೊಬು ನೆನಪಿಸಿಕೊಂಡಿದ್ದಾರೆ.

ಆಗ ಹಬ್ಬಗಳು ಮೂರು ದಾರಿ ಹಿಡಿದವು. ಮೊದಲನೆಯದು, ಏಳನೆಯ ತಿಂಗಳ ಏಳನೆಯ ದಿನವನ್ನು ನೇರವಾಗಿ ಜುಲೈ 7 ಎಂದುಕೊಳ್ಳುವುದು. ಮೂರನೆಯದು, ಓಕಿನಾವಾದ ಒಬೊನ್‌ನಂತೆ ಹಳೆಯ ಪಂಚಾಂಗಕ್ಕೇ ನಿಲ್ಲುವುದು. ಇವೆರಡೂ ಸುಲಭ.

ನಾನು ಎಡವಿದ್ದು ಎರಡನೆಯದರಲ್ಲಿ. ಆಗಸ್ಟ್ 15ರ ಒಬೊನ್ ಎಂದರೆ ಹಳೆಯ ಪಂಚಾಂಗದ ಒಬೊನ್ ಎಂದೇ ನಾನು ಭಾವಿಸಿದ್ದೆ. ಅದು ತಪ್ಪು. ಅದರ ಹೆಸರು ತ್ಸುಕಿಓಕುರೆ, ಅಂದರೆ ‘ಒಂದು ತಿಂಗಳು ತಡ’. ಹಳೆಯ ದಿನಾಂಕವು ಅದೇ ಸಂಖ್ಯೆಯ ಹೊಸ ದಿನಾಂಕಕ್ಕಿಂತ ಸುಮಾರು ಮೂರು ವಾರಗಳಿಂದ ಏಳೆಂಟು ವಾರ ತಡವಾಗಿ ಬರುತ್ತದೆ. ಜನ ಆ ಏರಿಳಿತವನ್ನು ಬಿಟ್ಟು, ದಿನದ ಸಂಖ್ಯೆಯನ್ನು ಹಾಗೆಯೇ ಉಳಿಸಿ, ತಿಂಗಳನ್ನು ಮಾತ್ರ ಒಂದು ಮುಂದಕ್ಕೆ ತಳ್ಳಿದರು. ಹೀಗಾಗಿ ಋತು ಹೆಚ್ಚುಕಡಿಮೆ ಉಳಿಯಿತು, ಚಂದ್ರ ಕೈತಪ್ಪಿದ.

ಪರೀಕ್ಷಿಸುವ ಬಗೆ ಇದು: ಹಳೆಯ ತಿಂಗಳು ಅಮಾವಾಸ್ಯೆಯ ದಿನವೇ ಆರಂಭವಾಗುವುದರಿಂದ ಹದಿನೈದನೆಯ ದಿನವೆಂದರೆ ಹುಣ್ಣಿಮೆಯ ಆಸುಪಾಸು. ನಿಜವಾದ ಹಳೆಯ ಒಬೊನ್‌ನಲ್ಲಿ ಬಾನಿನಲ್ಲಿ ತುಂಬು ಚಂದ್ರನಿರಲೇಬೇಕು. ಆ ಹದಿನೈದನೆಯ ದಿನ 2024ರಲ್ಲಿ ಆಗಸ್ಟ್ 18ಕ್ಕೂ 2025ರಲ್ಲಿ ಸೆಪ್ಟೆಂಬರ್ 6ಕ್ಕೂ ಬಿತ್ತು. ಓಕಿನಾವಾದವರು ಒಬೊನ್ ಮುಗಿಸಿದ್ದು ಆಯಾ ದಿನಗಳಂದೇ. ಆದರೆ ಆಗಸ್ಟ್ ಒಬೊನ್‌ನ ಭಾಗವಾದ ತೊಕುಶಿಮಾದ ಆವಾ ಒದೊರಿ ಕುಣಿತವಾಗಲಿ, ಕ್ಯೋತೋದ ಐದು ಬೆಟ್ಟಗಳ ಮೇಲೆ ಹಿರಿಯರನ್ನು ಬೀಳ್ಕೊಡಲು ಹಚ್ಚುವ ಆಗಸ್ಟ್ 16ರ ಬೆಂಕಿಯಾಗಲಿ ಚಂದ್ರನಿಗಾಗಿ ಕಾಯುವುದಿಲ್ಲ.

ಎಂಟನೆಯ ತಿಂಗಳ ಹುಣ್ಣಿಮೆಯ ಚಂದ್ರದರ್ಶನವಾದ ತ್ಸುಕಿಮಿಯನ್ನು ಮಾತ್ರ ಹೀಗೆ ತಳ್ಳಲು ಬರುವುದಿಲ್ಲ; ಅದು 2025ರಲ್ಲಿ ಅಕ್ಟೋಬರ್ 6ಕ್ಕೆ ಬಂದಿತು. ಹುರಿದ ಸೋಯಾ ಕಾಳು ಎರಚುವ ಸೆತ್ಸುಬುನ್ ಸೂರ್ಯನ ಲೆಕ್ಕದ್ದಾದ್ದರಿಂದ ಫೆಬ್ರವರಿ 3ರ ಆಚೀಚೆಯೇ ಇರುತ್ತದೆ.

ನಮ್ಮ ಪಂಚಾಂಗ ಬಲ್ಲವರಿಗೆ ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಸಂಕ್ರಾಂತಿಯಿಲ್ಲದ ಚಾಂದ್ರಮಾಸ ಅಧಿಕವಾಗುವಂತೆ, ಅಲ್ಲಿಯೂ ‘ಚೂಕಿ’ ಎಂಬ ಸೌರಬಿಂದುವಿಲ್ಲದ ತಿಂಗಳೇ ಅಧಿಕವಾಗುತ್ತದೆ. ಆದರೆ ನಮ್ಮ ಸಂಕ್ರಾಂತಿ ನಿರಯಣ, ಅಂದರೆ ನಕ್ಷತ್ರಗಳನ್ನು ಆಧರಿಸಿದ್ದು; ಅವರ ಚೂಕಿ ಸಾಯನ, ಅಂದರೆ ವಿಷುವವನ್ನು ಆಧರಿಸಿದ್ದು. ಆದ್ದರಿಂದ 2023ರಲ್ಲಿ ನಮಗೆ ಶ್ರಾವಣ ಅಧಿಕವಾದರೆ ಅವರಿಗೆ ಎರಡನೆಯ ತಿಂಗಳು ಅಧಿಕವಾಯಿತು. 2025ರಲ್ಲಿ ನಮಗೆ ಅಧಿಕಮಾಸವೇ ಇರಲಿಲ್ಲ, ಅವರಿಗೆ ಆರನೆಯ ತಿಂಗಳು ಎರಡು ಸಲ ಬಂದು ಹಳೆಯ ತಾನಾಬಾತಾ ಆಗಸ್ಟ್ 29ಕ್ಕೆ ಸರಿಯಿತು.

ಇಷ್ಟು ತಿಳಿದ ಮೇಲೆ, ಹೈಕು ಪರಂಪರೆ ತಾನಾಬಾತಾವನ್ನು ಶರತ್ಕಾಲದ ಪದವಾಗಿ ಎಣಿಸುವುದು ವಿಚಿತ್ರವೆನಿಸದು. ಹಳೆಯ ಪಂಚಾಂಗದಲ್ಲಿ ಶರತ್ತು ಆರಂಭವಾಗುವುದು ಏಳನೆಯ ತಿಂಗಳಿಂದಲೇ. ನೇಯ್ಗೆಯ ಒರಿಹಿಮೆ ನಮ್ಮ ಅಭಿಜಿತ್, ದನಗಾಹಿ ಹಿಕೊಬೊಶಿ ನಮ್ಮ ಶ್ರವಣ ನಕ್ಷತ್ರ, ನಡುವೆ ಆಕಾಶಗಂಗೆ. ಜುಲೈ 7 ಜಪಾನಿನ ಬಹುಭಾಗದಲ್ಲಿ ಮಳೆಗಾಲ. ಹಳೆಯ ಏಳನೆಯ ದಿನದಂದು ಅರ್ಧಚಂದ್ರ ನಡುರಾತ್ರಿಯ ವೇಳೆಗೆ ಮುಳುಗಿದ ಮೇಲೆ, ಮೋಡವಿಲ್ಲದಿದ್ದರೆ, ಆ ಎರಡೂ ನಕ್ಷತ್ರಗಳು ನದಿಯ ಎರಡು ದಡಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ.