ಮೊಣಕಾಲು ಗುಣವಾದ ಮೇಲೂ ಉಳಿಯುವ ನೋವು

ಕಳೆದ ಮಳೆಗಾಲದಲ್ಲಿ ಮಂಗಳೂರಿನ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಂದಿಗೆ ಬಂದ ಹತ್ತೊಂಬತ್ತರ ಹರೆಯದ ಕಬಡ್ಡಿ ಆಟಗಾರ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಮಾತನಾಡುವಷ್ಟು ಹೊತ್ತೂ ತನ್ನ ನೀಕ್ಯಾಪನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದ. ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ಮುಖ್ಯ ಅಸ್ಥಿರಜ್ಜು) ಹರಿದು ಶಸ್ತ್ರಚಿಕಿತ್ಸೆಯಾಗಿ ಹತ್ತು ತಿಂಗಳು ಕಳೆದಿದ್ದವು; ಇನ್ನು ಆಡಬಹುದೆಂದು ಮೂಳೆತಜ್ಞರು ಬರೆದುಕೊಟ್ಟಿದ್ದರು. ಆದರೂ ಆತ ಅಂಕಣಕ್ಕೆ ಇಳಿದಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಅಮ್ಮ ಹುಯ್ದ ನೀರುದೋಸೆಯೂ ರುಚಿಸುತ್ತಿರಲಿಲ್ಲ. ತರಬೇತುದಾರರು ಅದನ್ನು ಸೋಮಾರಿತನವೆಂದೂ ಮನೆಯವರು ಹೆದರಿಕೆಯೆಂದೂ ತಿಳಿದಿದ್ದರು. ನನಗೆ ಕಂಡದ್ದು ಖಿನ್ನತೆ.

ಗಾಯಗೊಂಡ ಕ್ರೀಡಾಪಟು ಕಳೆದುಕೊಳ್ಳುವುದು ಆಟವೊಂದನ್ನೇ ಅಲ್ಲ. ಕ್ರೀಡಾ ಕೋಟಾದಲ್ಲಿ ಕಾಲೇಜು ಸೇರಿದ ನಮ್ಮ ಕರಾವಳಿಯ ಎಷ್ಟೋ ಮಕ್ಕಳಿಗೆ ಶುಲ್ಕ, ಹಾಸ್ಟೆಲು, ಊಟ ಎಲ್ಲವೂ ಆಟವನ್ನೇ ನಂಬಿಕೊಂಡಿರುತ್ತವೆ, ಗೆಳೆಯರೆಂದರೆ ತಂಡದವರೇ, ಬೇಸರವಾದಾಗ ಓಡಿ ಬೆವರಿಳಿಸಿ ಹಗುರಾಗುತ್ತಿದ್ದ ದಾರಿಯೂ ಗಾಯದ ದಿನವೇ ಮುಚ್ಚಿಹೋಗುತ್ತದೆ. ಕಾಲಿಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ನಡೆಯುವಾಗ ನಿದ್ದೆ ಹೇಗಿದೆಯೆಂದು ಒಬ್ಬರೂ ಕೇಳದಿರುವುದು ನನಗೆ ತೀರಾ ಸಂಕಟದ ಸಂಗತಿ.

ಮನೋಬಲವಿದ್ದವರನ್ನು ಖಿನ್ನತೆ ಮುಟ್ಟದು ಎಂಬ ಮಾತನ್ನು ಮೈದಾನದಲ್ಲಿ ಈಗಲೂ ಕೇಳುತ್ತೇನೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರೇ ಆ ಗೆಲುವಿನ ಬಳಿಕ ತಮ್ಮನ್ನು ಕವಿದ ಶೂನ್ಯತೆಯ ಕುರಿತು ಬಹಿರಂಗವಾಗಿ ಮಾತನಾಡಿದ್ದಾರೆ.

"ಈ ಮದ್ದು ತಿಂದರೆ ಡೋಪಿಂಗ್ ಟೆಸ್ಟಿನಲ್ಲಿ ಸಿಕ್ಕಿಬೀಳುತ್ತಾನಾ ಡಾಕ್ಟ್ರೇ?" ಎಂದು ತಾಯಿ ಕೇಳಿದರು. ಈ ಭಯದಿಂದಲೇ ಚಿಕಿತ್ಸೆ ನಿಲ್ಲಿಸಿದವರನ್ನು ಕಂಡಿದ್ದೇನಾದ್ದರಿಂದ ಸ್ಪಷ್ಟವಾಗಿ ಹೇಳಬೇಕು: ಖಿನ್ನತೆಗೆ ಸಾಮಾನ್ಯವಾಗಿ ಮೊದಲು ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿಲ್ಲ. ಆದರೆ ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ; ಕೈನಡುಕಕ್ಕೆಂದು ಕೆಲವರು ನುಂಗುವ ಪ್ರೊಪ್ರನೊಲಾಲ್ ಶೂಟಿಂಗ್ ಮತ್ತು ಬಿಲ್ಲುಗಾರಿಕೆಯಲ್ಲಿ ನಿಷಿದ್ಧ. ಆದ್ದರಿಂದ ತಾನು ಯಾವ ಕ್ರೀಡೆಯಲ್ಲಿ ಸ್ಪರ್ಧಿಸುತ್ತೇನೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು; ಅಂಥ ಔಷಧ ಅನಿವಾರ್ಯವಾದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಲು ಅವಕಾಶವಿದೆ.

ಆಟ ಕುಸಿದಾಗ ಅಭ್ಯಾಸ ಹೆಚ್ಚಿಸುವುದು ನಮ್ಮ ರೂಢಿ. ಕುಸಿತದ ಜೊತೆಗೆ ನಿದ್ರಾಹೀನತೆ, ಸಿಡುಕು, ಗೆಳೆಯರಿಂದ ದೂರ ಸರಿಯುವುದು ಎರಡು ವಾರ ಮೀರಿದರೆ ಹೆಚ್ಚಿನ ಅಭ್ಯಾಸದಿಂದ ಕೆಡುಕೇ ಆದೀತು. ಈ ಹುಡುಗನ ತರಬೇತುದಾರರನ್ನು ಕರೆಸಿ ಮಾತನಾಡಿದ ಮೇಲೆ, ಅವರು ಮೊದಲ ತಿಂಗಳು ಆತನನ್ನು ಕಿರಿಯರ ಅಭ್ಯಾಸದಲ್ಲಿ ಅಂಕ ಬರೆಯಲು ಕೂರಿಸಿದರು. ಆಪ್ತಸಲಹೆ, ಔಷಧಗಳ ಜೊತೆ ತಂಡದ ನಡುವಿನ ಆ ಜಾಗವೂ ಆತನಿಗೆ ಬೇಕಿತ್ತು. ಎರಡನೆಯ ತಿಂಗಳು ತಾನಾಗಿಯೇ ನೀಕ್ಯಾಪ್ ಕಟ್ಟಿಕೊಂಡು ಅಂಕಣಕ್ಕೆ ಇಳಿದ.

ಬದುಕೇ ಬೇಡವೆನ್ನುವ ಮಾತು ಬಂದರೆ ಕಾಯಬಾರದು. ಸರಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.