ವಿನೆಟ್ಕಾ ಎಂಬ ‘ಹಳ್ಳಿ’ಯ ಮನೆ ಕಥೆ

ಕ್ರಿಸ್‌ಮಸ್ ರಜೆಗೆ ಹೊರಟ ದೊಡ್ಡ ಸಂಸಾರವೊಂದು ಗಡಿಬಿಡಿಯಲ್ಲಿ ಮಗನನ್ನು ಮನೆಯಲ್ಲೇ ಮರೆತು ವಿಮಾನ ಹತ್ತುತ್ತದೆ. ಆ ಪುಟ್ಟ ಹುಡುಗ ಕಳ್ಳರಿಗೆ ನೀರು ಕುಡಿಸುತ್ತಾನೆ. 1990ರ ‘ಹೋಮ್ ಅಲೋನ್’ ಎಂಬ ಈ ಹಾಲಿವುಡ್ ಸಿನಿಮಾವನ್ನು ಟಿವಿಯಲ್ಲಾದರೂ ನೋಡದವರು ಕಡಿಮೆ. ಅದರಲ್ಲಿ ಕಾಣುವ ಕೆಂಪು ಇಟ್ಟಿಗೆಯ ಮನೆ ನಿಜವಾಗಿಯೂ ಇದೆ. ಶಿಕಾಗೋದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್, ಮಿಷಿಗನ್ ಸರೋವರದ ದಡದ ವಿನೆಟ್ಕಾದಲ್ಲಿ. 2024ರಲ್ಲಿ ಅದು ಮಾರಾಟಕ್ಕೆ ಬಂದಾಗ ಹೇಳಿದ ಬೆಲೆ 52.5 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 44 ಕೋಟಿ ರೂಪಾಯಿ. ಆ ಊರಿನಲ್ಲಿ ಇದು ತೀರಾ ದುಬಾರಿ ಮನೆಯೇನೂ ಅಲ್ಲ.

ಸರ್ಕಾರಿ ಕಾಗದದಲ್ಲಿ ವಿನೆಟ್ಕಾ ಒಂದು ‘ವಿಲೇಜ್’. ಹಾಗಂತ ಹೊಲ, ಗದ್ದೆ, ಎತ್ತಿನ ಗಾಡಿ ನೆನೆಸಿಕೊಳ್ಳಬೇಡಿ. ಇಲಿನಾಯ್ ರಾಜ್ಯದಲ್ಲಿ ವಿಲೇಜ್ ಅಂದರೆ ಒಂದು ಬಗೆಯ ಪುರಸಭೆ. ಮೇಯರ್ ಬದಲು ಪ್ರೆಸಿಡೆಂಟ್ ಇರುತ್ತಾರೆ, ಕೌನ್ಸಿಲರ್ ಬದಲು ಟ್ರಸ್ಟಿಗಳು, ಅಷ್ಟೇ ವ್ಯತ್ಯಾಸ. 2020ರ ಜನಗಣತಿಯಲ್ಲಿ ಇಲ್ಲಿದ್ದವರು 12,744 ಜನ. ನೂರು ಜನರನ್ನು ನಿಲ್ಲಿಸಿ ಎಣಿಸಿದರೆ ಅದರಲ್ಲಿ ಒಬ್ಬ ಕಪ್ಪು ವ್ಯಕ್ತಿ ಸಿಗುವುದೂ ಕಷ್ಟ. ಪಕ್ಕದ ಶಿಕಾಗೋದಲ್ಲಿ ಸುಮಾರು 30 ಜನ ಸಿಗುತ್ತಾರೆ.

ಈ ಅಂತರ ಹೇಗೆ ಬಂತು ಅನ್ನುವ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ಎದ್ದು ನಿಲ್ಲುತ್ತದೆ. ಒಮ್ಮೆ ಕಡಿಮೆ ಬೆಲೆಯ ಮನೆಗಳ ಕಾನೂನಿನ ನೆಪದಲ್ಲಿ, ಒಮ್ಮೆ ಹಳೇ ಮನೆ ಕೆಡವಿ ಬಂಗಲೆ ಕಟ್ಟುವ ಗಲಾಟೆಯಲ್ಲಿ, ಇನ್ನೊಮ್ಮೆ ಸರೋವರದ ದಡ ಯಾರದ್ದು ಅನ್ನುವ ಜಗಳದಲ್ಲಿ.

ಮೊದಲಿಂದ ಶುರು ಮಾಡೋಣ. ಇದು ಪೊಟವಾಟಮಿ ಜನರ ನೆಲವಾಗಿತ್ತು. 1833ರ ಶಿಕಾಗೋ ಒಪ್ಪಂದದ ನಂತರ ಅವರನ್ನು ಮಿಸಿಸಿಪ್ಪಿ ನದಿಯ ಆಚೆ ಸಾಗಹಾಕಲಾಯಿತು. ‘ಚೆಂದದ ನೆಲ’ ಅನ್ನುವ ಅರ್ಥದ ಮೂಲನಿವಾಸಿ ಹೆಸರು ಅಂತ ಹೇಳಿ ಊರಿಗೆ ವಿನೆಟ್ಕಾ ಎಂದು ಹೆಸರಿಟ್ಟವರು ಆಮೇಲೆ ಬಂದ ಬಿಳಿಯರು. ಇವತ್ತಿಗೂ ಊರಿನ ಒಂದು ರೈಲು ನಿಲ್ದಾಣದ ಹೆಸರು ಇಂಡಿಯನ್ ಹಿಲ್. ಹೆಸರು ಮಾತ್ರ ಉಳಿಯಿತು.

1850ರ ದಶಕದಲ್ಲಿ ರೈಲು ಬಂತು. 1869ರಲ್ಲಿ ಊರಿಗೆ ವಿಲೇಜ್ ಪಟ್ಟ ಸಿಕ್ಕಿತು. ಶಿಕಾಗೋದ ಹೊಗೆ, ಗದ್ದಲ ಬೇಡ ಅಂದ ವಕೀಲರು, ವ್ಯಾಪಾರಿಗಳು ಇಲ್ಲಿ ಮನೆ ಕಟ್ಟಿದರು. ಬೆಳಗ್ಗೆ ರೈಲು ಹತ್ತಿ ಕೆಲಸಕ್ಕೆ, ಸಂಜೆ ಮರದ ನೆರಳಿಗೆ.

ಸುಮ್ನೆ ದುಡ್ಡಿನ ಊರು ಅಂತ ತಳ್ಳಿಹಾಕುವ ಹಾಗಿಲ್ಲ. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಏಕಸ್ವಾಮ್ಯವನ್ನು ಬಯಲಿಗೆಳೆದ ಪತ್ರಕರ್ತ ಹೆನ್ರಿ ಡೆಮರೆಸ್ಟ್ ಲಾಯ್ಡ್ ಇದ್ದದ್ದು ಇಲ್ಲೇ. ಕರೆಂಟನ್ನು ಖಾಸಗಿಯವರ ಕೈಗೆ ಕೊಡದೆ ಊರೇ ತನ್ನ ವಿದ್ಯುತ್ ಘಟಕ ಕಟ್ಟಿಕೊಂಡಿತು. 1919ರಿಂದ 1943ರವರೆಗೆ ಶಾಲೆಗಳ ಉಸ್ತುವಾರಿ ನೋಡಿಕೊಂಡ ಕಾರ್ಲ್ಟನ್ ವಾಶ್‌ಬರ್ನ್, ಪ್ರತಿ ಮಗುವೂ ತನ್ನ ವೇಗದಲ್ಲೇ ಲೆಕ್ಕ, ಓದು ಕಲಿಯಲಿ ಅಂದರು. ‘ವಿನೆಟ್ಕಾ ಪ್ಲಾನ್’ ಅಂತ ಆ ಪದ್ಧತಿ ಹೊರದೇಶಗಳಲ್ಲೂ ಹೆಸರಾಯಿತು. 1940ರಲ್ಲಿ ಕಟ್ಟಿದ ಕ್ರೋ ಐಲೆಂಡ್ ಶಾಲೆಯಲ್ಲಿ ಲೈಟಿನ ಸ್ವಿಚ್ಚುಗಳು ಮಕ್ಕಳ ಕೈಗೆ ಎಟಕುವಷ್ಟು ಕೆಳಗಿವೆ. ಸಭಾಂಗಣದ ಬೆಂಚುಗಳು ಮುಂದೆ ಪುಟ್ಟದು, ಹಿಂದೆ ಹೋದಂತೆ ದೊಡ್ಡದು. ಒಂದೊಂದು ತರಗತಿಗೂ ಅದರದ್ದೇ ಒಂದು ಪುಟ್ಟ ಅಂಗಳ. ಮಕ್ಕಳ ಬಗ್ಗೆ ಇಷ್ಟು ಯೋಚಿಸಿದ ಊರು ಯಾರ ಮಕ್ಕಳ ಬಗ್ಗೆ ಅಂತ ಮಾತ್ರ ಜಾಸ್ತಿ ಯೋಚಿಸಲಿಲ್ಲ ಅನಿಸುತ್ತದೆ.

ಅದೇ ಕಾಲದಲ್ಲಿ ಶಿಕಾಗೋ ಸುತ್ತಮುತ್ತ ಸಾವಿರಾರು ಕ್ರಯಪತ್ರಗಳಲ್ಲಿ ಒಂದು ಷರತ್ತು ಸೇರಿಕೊಳ್ಳುತ್ತಿತ್ತು: ಈ ಆಸ್ತಿಯನ್ನು ಕಪ್ಪು ಜನರಿಗೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಅದರಲ್ಲೊಂದು ವಿನಾಯಿತಿ ಬೇರೆ. ನೆಲಮಾಳಿಗೆಯಲ್ಲೋ ಹಿತ್ತಲಿನ ಗ್ಯಾರೇಜಿನಲ್ಲೋ ಮಲಗುವ ಮನೆಗೆಲಸದವರು, ಡ್ರೈವರುಗಳು ಇರಬಹುದು! ವಿನೆಟ್ಕಾಕ್ಕೆ ಅಂಟಿಕೊಂಡಿರುವ ಕೆನಿಲ್‌ವರ್ತ್ ಊರನ್ನು 1889ರಲ್ಲಿ ಜೋಸೆಫ್ ಸಿಯರ್ಸ್ ಎಂಬ ಉದ್ಯಮಿ ಯೋಜಿಸಿದಾಗ ಹಾಕಿದ ನಿಯಮಗಳಲ್ಲಿ ದೊಡ್ಡ ಸೈಟು, ದುಬಾರಿ ಕಟ್ಟಡದ ಜೊತೆಗೆ ‘ಬಿಳಿಯರಿಗೆ ಮಾತ್ರ’ ಎಂಬುದೂ ಇತ್ತು. 1924ರಲ್ಲಿ ದೇಶದ ಮನೆ ದಲ್ಲಾಳಿಗಳ ಸಂಘ ಬರೆದುಕೊಂಡ ನೀತಿಸಂಹಿತೆಯಂತೂ, ಬಡಾವಣೆಯ ಬೆಲೆ ಇಳಿಸುವಂಥ ಜನಾಂಗದವರನ್ನು ಅಲ್ಲಿಗೆ ತರಬಾರದು ಎಂದೇ ಹೇಳುತ್ತಿತ್ತು. ನೀತಿ ಅಂದರೆ ಇದು.

1948ರಲ್ಲಿ ಸುಪ್ರೀಂ ಕೋರ್ಟ್, ಇಂಥ ಷರತ್ತುಗಳನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದಿತು. ದಲ್ಲಾಳಿಗಳ ಸಂಘ 1950ರಲ್ಲಿ ಆ ಸಾಲನ್ನು ತೆಗೆಯಿತು. ಕಾಗದ ಬದಲಾಯಿತು, ಬೀದಿ ಬದಲಾಗಲಿಲ್ಲ.

ಯಾಕೆ ಅಂತ ತಿಳಿಯಲು 1965ರ ಬೇಸಿಗೆಗೆ ಬರಬೇಕು. ಈ ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದು. ಹಿಂದಿನ ವರ್ಷ ಮಿಸಿಸಿಪ್ಪಿಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ದೇಶದ ಎಲ್ಲ ಕಡೆಯಿಂದ ವಿದ್ಯಾರ್ಥಿಗಳು ಹೋಗಿದ್ದರು. ಅನ್ಯಾಯ ಹುಡುಕಲು ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಬೀದಿಯಲ್ಲೇ ಇದೆಯಲ್ವಾ ಅಂತ ಇಲ್ಲಿನ ಕೆಲವರಿಗೆ ಅನಿಸಿತು. ‘ನಾರ್ತ್ ಶೋರ್ ಸಮ್ಮರ್ ಪ್ರಾಜೆಕ್ಟ್’ ಹುಟ್ಟಿದ್ದು ಹಾಗೆ. ನಾರ್ತ್ ಶೋರ್ ಅಂದರೆ ಶಿಕಾಗೋದ ಉತ್ತರಕ್ಕೆ ಸರೋವರದ ದಡದಲ್ಲಿರುವ ವಿನೆಟ್ಕಾದಂಥ ಊರುಗಳು.

ಅವರು ಆರಿಸಿಕೊಂಡ ದಾರಿ ತೀರಾ ಸರಳ. ದಲ್ಲಾಳಿಗಳನ್ನು ಕೇಳಿದರೆ, ‘ನಮ್ಮದೇನಿಲ್ಲ ಸ್ವಾಮಿ, ಮನೆ ಮಾರುವವರೇ ಒಪ್ಪುವುದಿಲ್ಲ’ ಅನ್ನುವ ಉತ್ತರ ಬರುತ್ತಿತ್ತು. ಸರಿ, ಮಾರುವವರನ್ನೇ ಕೇಳೋಣ ಅಂತ ಕಾಲೇಜು ಹುಡುಗ ಹುಡುಗಿಯರು ಹೊರಟರು. ಮನೆ ಮಾರಾಟಕ್ಕಿಟ್ಟವರ ಕದ ತಟ್ಟಿ, ‘ಯಾವ ಜನಾಂಗದವರು ಬಂದರೂ ಮನೆ ತೋರಿಸುತ್ತೀರಾ?’ ಎಂದು ಕೇಳಿದರು. ಕೆಲವರು ಮಾತಾಡದೆ ಕದ ಹಾಕಿಕೊಂಡರು. ಆದರೆ ಮಾತಾಡಿದವರಲ್ಲಿ ಬಹಳಷ್ಟು ಜನ, ತೋರಿಸುತ್ತೇವೆ ಅಂದುಬಿಟ್ಟರು. ತಮಗೇನೂ ತಕರಾರಿಲ್ಲ, ಅಕ್ಕಪಕ್ಕದವರು ಏನಂತಾರೋ ಅನ್ನುವುದೇ ಕೆಲವರ ಅಳುಕು. ದಲ್ಲಾಳಿ ಮಾರುವವರ ಕಡೆ, ಮಾರುವವರು ನೆರೆಯವರ ಕಡೆ, ನೆರೆಯವರು ಬೆಲೆಯ ಕಡೆ ಬೊಟ್ಟು ಮಾಡುತ್ತಿದ್ದರು. ಬೆಲೆ ಯಾರ ಮನೆಯ ಯಜಮಾನ, ಅದನ್ನು ಕರೆದು ಕೇಳಲು?

ಆ ಜುಲೈ 25ರಂದು ಮಾರ್ಟಿನ್ ಲೂಥರ್ ಕಿಂಗ್ ಬಂದರು. ಶಿಕಾಗೋದ ಬಡಾವಣೆಗಳಲ್ಲಿ ಒಂದರ ಹಿಂದೊಂದು ಸಭೆ ಮುಗಿಸಿಕೊಂಡು, ವಿನೆಟ್ಕಾದ ವಿಲೇಜ್ ಗ್ರೀನ್ ಎಂಬ ಹುಲ್ಲುಹಾಸಿನ ಮೈದಾನದಲ್ಲಿ ಮಾತಾಡಿದರು. ಸೇರಿದ್ದವರು ಎಂಟರಿಂದ ಹತ್ತು ಸಾವಿರ ಜನ. ಊರಿನ ಜನಸಂಖ್ಯೆಯೇ ಆಗ 13 ಸಾವಿರ ಚಿಲ್ಲರೆ. ದೊಡ್ಡ ಗಲಾಟೆಯಿಲ್ಲದೆ ಸಭೆ ಮುಗಿಯಿತು. ಮರುವರ್ಷ ಶಿಕಾಗೋದ ಬಿಳಿ ಕಾರ್ಮಿಕರ ಬಡಾವಣೆಯಲ್ಲಿ ಇದೇ ಬೇಡಿಕೆ ಇಟ್ಟು ಮೆರವಣಿಗೆ ಹೋದಾಗ ಕಿಂಗ್ ತಲೆಗೆ ಕಲ್ಲು ಬಿತ್ತು. ವಿನೆಟ್ಕಾದಲ್ಲಿ ಯಾರೂ ಕಲ್ಲೆಸೆಯಲಿಲ್ಲ. ಎಸೆಯುವ ಅಗತ್ಯ ಇತ್ತಾ ಅನ್ನುವುದು ಬೇರೆ ಪ್ರಶ್ನೆ.

1968ರ ಏಪ್ರಿಲ್‌ನಲ್ಲಿ ಕಿಂಗ್ ಹತ್ಯೆಯಾಯಿತು. ವಾರದೊಳಗೆ, ಮನೆ ಮಾರುವಾಗ ಬಾಡಿಗೆಗೆ ಕೊಡುವಾಗ ಜನಾಂಗ ನೋಡಬಾರದು ಎಂಬ ಕೇಂದ್ರ ಕಾನೂನು ಬಂತು.

ಅಲ್ಲಿಂದಾಚೆಗಿನ ಕಥೆಯಲ್ಲಿ ಜನಾಂಗದ ಹೆಸರೇ ಬರುವುದಿಲ್ಲ. ಬರುವುದು ಸೈಟಿನ ಅಳತೆ. ಬಹುಪಾಲು ಜಾಗದಲ್ಲಿ ಒಂದು ಸೈಟಿಗೆ ಒಂದೇ ಮನೆ, ಸೈಟು ಇಂತಿಷ್ಟಕ್ಕಿಂತ ಚಿಕ್ಕದಿರಬಾರದು. ಇಂಥ ನಿಯಮ ಅಮೆರಿಕದ ಎಷ್ಟೋ ಊರುಗಳಲ್ಲಿ 1920ರ ದಶಕದಿಂದಲೇ ಬಂದಿದೆ. ಅದರ ಜೊತೆ ಶಾಲೆಯ ಲೆಕ್ಕಾಚಾರ ಸೇರಿಸಿ. ಅಲ್ಲಿ ಸರ್ಕಾರಿ ಶಾಲೆಗೆ ಹೆಚ್ಚಿನ ಹಣ ಬರುವುದು ಮನೆಗಳ ತೆರಿಗೆಯಿಂದ. ದುಬಾರಿ ಮನೆ, ಜಾಸ್ತಿ ತೆರಿಗೆ, ಒಳ್ಳೆಯ ಶಾಲೆ, ಆ ಶಾಲೆಗಾಗಿ ಮನೆಗೆ ಇನ್ನಷ್ಟು ಬೆಲೆ. ಊರಿನ ಮಕ್ಕಳು ಹೋಗುವ ನ್ಯೂ ಟ್ರಿಯರ್ ಹೈಸ್ಕೂಲ್ ಹೆಸರು ದೇಶಕ್ಕೆಲ್ಲ ಗೊತ್ತು. ಶುಲ್ಕವೇನೋ ಇಲ್ಲ. ಆದರೆ ಸೀಟು ಬೇಕಾದರೆ ಆ ಶಾಲೆಯ ಸರಹದ್ದಿನೊಳಗೆ ಮನೆ ಇರಬೇಕು. ನಮ್ಮ ಕನ್ನಡದವರು ಶಿಕಾಗೋ ಅಂದರೆ ಹೆಚ್ಚಾಗಿ ನೇಪರ್‌ವಿಲ್, ಶಾಂಬರ್ಗ್, ಅರೋರಾ ಕಡೆ ಮನೆ ಮಾಡುತ್ತಾರೆ. ಅವರೂ ಮೊದಲು ನೋಡುವುದು ಸ್ಕೂಲ್ ಡಿಸ್ಟ್ರಿಕ್ಟನ್ನೇ, ಅಲ್ವಾ?

2004ರಲ್ಲಿ ಇಲಿನಾಯ್‌ನ ಹೊಸ ಕಾನೂನು ಜಾರಿಗೆ ಬಂತು. ಊರಿನ ಒಟ್ಟು ಮನೆಗಳಲ್ಲಿ ಸಾಧಾರಣ ಆದಾಯದವರ ಕೈಗೆಟಕುವಂಥವು ನೂರಕ್ಕೆ ಹತ್ತಕ್ಕಿಂತ ಕಡಿಮೆಯಿದ್ದರೆ, ಹೆಚ್ಚಿಸುವ ಯೋಜನೆ ಬರೆದುಕೊಡಬೇಕು. ಉತ್ತರಕ್ಕೆ ಸ್ವಲ್ಪ ದೂರದ ಹೈಲ್ಯಾಂಡ್ ಪಾರ್ಕ್, ಹೊಸದಾಗಿ ಕಟ್ಟುವ ದೊಡ್ಡ ಯೋಜನೆಗಳಲ್ಲಿ ಒಂದು ಪಾಲು ಕಡಿಮೆ ಬೆಲೆಗೆ ಕೊಡಬೇಕು ಎಂದು 2003ರಲ್ಲೇ ನಿಯಮ ಮಾಡಿಕೊಂಡಿತ್ತು. ವಿನೆಟ್ಕಾದಲ್ಲಿ ಚರ್ಚೆ ವರ್ಷಗಟ್ಟಲೆ ನಡೆಯಿತು. ಇಲ್ಲಿ ಪಾಠ ಹೇಳುವ ಮೇಷ್ಟ್ರು, ಬೆಂಕಿ ಆರಿಸುವವರು ಇಲ್ಲೇ ಇರಲಿ ಎಂದು ಒಂದು ಕಡೆಯವರು. ಊರಿನ ಸ್ವರೂಪ ಕೆಡುತ್ತದೆ, ಸರ್ಕಾರ ನಮ್ಮ ಸೈಟಿಗೆ ಕೈ ಹಾಕಬಾರದು ಎಂದು ಇನ್ನೊಂದು ಕಡೆಯವರು. ‘ಸ್ವರೂಪ’ ಅನ್ನುವ ಪದವನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಈಚೆಗೆ ಜಗಳ ಸರೋವರದ ದಡಕ್ಕೆ ಹೋಗಿದೆ. ಅಕ್ಕಪಕ್ಕದ ಹಲವು ಬಂಗಲೆಗಳನ್ನು ಕೊಂಡು, ಕೆಡವಿ, ಅಲ್ಲಿ ಒಂದೇ ಮಹಾಮನೆ ಕಟ್ಟಲು ಒಬ್ಬರು ಕೈಹಾಕಿದರು. ಲಕ್ಷಾಂತರ ಡಾಲರಿನ ಮನೆಯವರೂ ಈಗ ಅದನ್ನು ನೋಡಿ, ದುಡ್ಡಿದ್ದವರು ಊರನ್ನೇ ಬದಲಾಯಿಸಿಬಿಡ್ತಾರಲ್ಲ ಅಂತ ಗೊಣಗುವ ಕಾಲ ಬಂದಿದೆ.

ವಿಲೇಜ್ ಗ್ರೀನ್‌ನಲ್ಲಿ ಕಿಂಗ್ ಮಾತಾಡಿದ ನೆನಪಿಗೆ ಒಂದು ಫಲಕವಿದೆ. ಶಿಕಾಗೋದಿಂದ ರೈಲಿನಲ್ಲಿ ಬರುವವರಿಗೆ ಅದು ಕಾಣುವುದಿಲ್ಲ. ಹಿಂದೆ ಹಳಿಗಳು ರಸ್ತೆಯ ಮಟ್ಟದಲ್ಲೇ ಇದ್ದವು, ದಾಟುವಾಗ ಜನ ಸಾಯುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರದ ಹಣ ತಂದು ಹಳಿಗಳನ್ನು ಆಳದ ಕಂದಕಕ್ಕೆ ಇಳಿಸುವ ಕೆಲಸ ಶುರು ಮಾಡಿದರು. ಆ ಹಣದ ಖಾತೆ ನೋಡಿಕೊಳ್ಳುತ್ತಿದ್ದ ಮಂತ್ರಿ ಹೆರಾಲ್ಡ್ ಇಕಿಸ್ ಕೂಡ ವಿನೆಟ್ಕಾದವರೇ. ಈಗ ಊರಿನ ನಡುವೆ ಹಾದುಹೋಗುವಾಗ ಕಿಟಕಿಯಲ್ಲಿ ಎರಡೂ ಕಡೆ ಕಾಣುವುದು ಇಳಿಜಾರು ದಡ, ಅದರ ಮೇಲೆ ಬೆಳೆದ ಗಿಡಮರ. ಮನೆಗಳೆಲ್ಲ ಮೇಲಿವೆ.