ಗುಂಡು ಹಾರದ ಯುದ್ಧಕ್ಕೆ ಸಬ್‌ಸ್ಟೇಷನ್ನಿನ ಸಿದ್ಧತೆ

ಚಿತ್ರದುರ್ಗದ ಗುಡ್ಡಗಳ ನೆತ್ತಿಯಲ್ಲಿ ಸಾಲಾಗಿ ತಿರುಗುವಂಥ ಗಾಳಿಯಂತ್ರಗಳ ಮೇಲಿನ ನಿಗಾ ಬಹುಪಾಲು ದೂರದ ಕಂಟ್ರೋಲ್ ರೂಮಿನದು. 2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದ ದಿನವೇ, ಉಪಗ್ರಹ ಇಂಟರ್ನೆಟ್ ಜಾಲವೊಂದರ ಮೋಡೆಮ್‌ಗಳನ್ನು ಹ್ಯಾಕರ್‌ಗಳು ಕೆಡಿಸಿದರು. ಗುರಿ ಉಕ್ರೇನ್; ಆದರೆ ಜರ್ಮನಿಯಲ್ಲೂ ಸುಮಾರು 5,800 ಗಾಳಿಯಂತ್ರಗಳ ಮೇಲೆ ಹೀಗೆಯೇ ದೂರದಿಂದ ನಿಗಾ ಇಡುವ ಸಂಪರ್ಕ ತಪ್ಪಿತು. ಸೇನೆಯ ಜತೆಗೆ ಹ್ಯಾಕಿಂಗ್, ವದಂತಿ, ಕೇಬಲ್ ಕಡಿತ ಎಲ್ಲವನ್ನೂ ಬೆರೆಸಿ ಹೂಡುವ ಇಂಥ ದಾಳಿಯೇ ಹೈಬ್ರಿಡ್ ಯುದ್ಧ.

ಎದುರಿಸುವ ಬಗೆ ತಿಳಿಯಬೇಕಾದರೆ 2015ರ ಡಿಸೆಂಬರ್ 23ರ ಉಕ್ರೇನ್ ಪ್ರಕರಣವನ್ನು ಬಿಡಿಸಿ ನೋಡಬೇಕು. ಇಮೇಲ್‌ಗೆ ಲಗತ್ತಿಸಿದ ಕಡತದ ಮೂಲಕ ವಿದ್ಯುತ್ ಕಂಪನಿಗಳ ಒಳಹೊಕ್ಕವರು ಆರು ತಿಂಗಳಿಗೂ ಹೆಚ್ಚು ಕಾಲ ಸದ್ದಿಲ್ಲದೆ ಕುಳಿತಿದ್ದರು. ಪಾಸ್‌ವರ್ಡ್ ಕದ್ದರು, ಅದರ ಮೇಲೆ ಒಟಿಪಿಯಂಥ ಎರಡನೇ ಬೀಗ ಇರಲಿಲ್ಲ. ಆ ದಿನ ಸುಮಾರು 30 ಸಬ್‌ಸ್ಟೇಷನ್‌ಗಳ ಬ್ರೇಕರ್‌ಗಳನ್ನು (ಲೈನಿನ ಕರೆಂಟ್ ತಡೆಯುವ ದೊಡ್ಡ ಸ್ವಿಚ್ಚುಗಳನ್ನು) ದೂರದಿಂದಲೇ ಆಫ್ ಮಾಡಿದರು, ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ದೂರದಿಂದ ಮತ್ತೆ ಹಾಕಲಾಗದಂತೆ ಸಂಪರ್ಕ ಸಾಧನಗಳ ತಂತ್ರಾಂಶ ಅಳಿಸಿದರು. ದೂರು ಕೇಂದ್ರಕ್ಕೆ ಸುಳ್ಳು ಕರೆಗಳ ಸುರಿಮಳೆ. ಆದರೂ 1ರಿಂದ 6 ಗಂಟೆಯೊಳಗೆ ಕರೆಂಟ್ ಬಂತು: ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೆ ಓಡಿ ಬ್ರೇಕರ್‌ಗಳನ್ನು ಕೈಯಿಂದಲೇ ಹಾಕಿದ್ದರು.

ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ಆದೇಶದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿಯಾಗಬೇಕು, ಲಾಗ್‌ಗಳನ್ನು (ಕಂಪ್ಯೂಟರಿನಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಗಳನ್ನು) 180 ದಿನ ಇಡಬೇಕು. ಉಕ್ರೇನಿನ ಲೆಕ್ಕ ನೋಡಿದರೆ ವಿದ್ಯುತ್ ಜಾಲಕ್ಕೆ 180 ದಿನ ಸಾಲದು. ಕಳ್ಳ ಮೊದಲು ನುಗ್ಗಿದ ದಿನದ ಗುರುತೇ ಅಷ್ಟರಲ್ಲಿ ಅಳಿಸಿರುತ್ತದೆ.

ವದಂತಿಯ ಏಟು ಕರ್ನಾಟಕಕ್ಕೆ ಗೊತ್ತಿರುವುದೇ. 2012ರ ಆಗಸ್ಟ್‌ನಲ್ಲಿ, ತಮ್ಮ ಮೇಲೆ ದಾಳಿ ನಡೆಯುತ್ತದೆಂಬ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳವರು ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ಕೇಂದ್ರ ಸರ್ಕಾರ ಸಗಟು ಎಸ್ಸೆಮ್ಮೆಸ್‌ಗಳಿಗೆ 15 ದಿನ ತಡೆ ಹಾಕಿತು. ಬಾಯಿ ಮುಚ್ಚಿಸುವುದಕ್ಕಿಂತ ನಂಬಿಕೆಯ ಬಾಯಿಂದ ಬೇಗ ನಿಜ ಹೇಳಿಸುವುದೇ ಮೇಲು.

ದಾವಣಗೆರೆ, ಚಿತ್ರದುರ್ಗದ ಸಬ್‌ಸ್ಟೇಷನ್‌ಗೆ ಇಂಥ ದಾಳಿ ಆದರೆ? ಮೊದಲು ಹೊರಗಿನ ನೆಟ್‌ವರ್ಕ್ ಕೇಬಲ್ ಕಿತ್ತು, ಸ್ವಿಚ್ಚನ್ನು ರಿಮೋಟ್‌ನಿಂದ ಲೋಕಲ್‌ಗೆ ತಿರುಗಿಸಬೇಕು. ಬಳಿಕ ಫೀಡರ್‌ಗಳನ್ನು (ಸಬ್‌ಸ್ಟೇಷನ್ನಿನಿಂದ ಊರು, ಹೊಲಗಳಿಗೆ ಹೊರಡುವ ಲೈನುಗಳನ್ನು) ಒಂದೊಂದಾಗಿ ಹಾಕಬೇಕು. ಆಟೋ ಸ್ಟಾರ್ಟರ್ ಇರುವ ಪಂಪ್‌ಸೆಟ್‌ಗಳು ಕರೆಂಟ್ ಬಂದೊಡನೆ ಒಟ್ಟಿಗೆ ಎದ್ದರೆ, ಪ್ರತಿ ಮೋಟಾರು ಆ ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಫೀಡರ್ ಮತ್ತೆ ಟ್ರಿಪ್ ಆಗುತ್ತದೆ. ಹಾಗಾಗಿ ಆಸ್ಪತ್ರೆ ಮತ್ತು ಸೂಳೆಕೆರೆಯ ಕುಡಿಯುವ ನೀರಿನ ಪಂಪ್‌ಹೌಸ್ ಮೊದಲು, ನೀರಾವರಿ ಪಂಪ್‌ಸೆಟ್‌ಗಳ ಫೀಡರ್ ಕೊನೆಗೆ. ಈ ಕ್ರಮ ಕಂಪ್ಯೂಟರಿನಲ್ಲಿದ್ದರೆ ಸಾಲದು, ಕಾಗದದಲ್ಲಿ ಗೋಡೆಗೆ ಅಂಟಿರಬೇಕು, ರಾತ್ರಿ ಪಾಳಿಯವರೂ ಅದರ ತಾಲೀಮು ಮಾಡಿರಬೇಕು.